ಟಗರಿನ ಹೆಸರು

ಯೆಲ್ ದ್ವೀಪಕ್ಕೆ ಮಧ್ಯಾಹ್ನದ ಫೆರ್ರಿಯಲ್ಲಿ ಹೋದೆ,
ವ್ಯಾನಿನಲ್ಲಿ ಒಂದೇ ಒಂದು ಟೀವಿ, ಕಂಬಳಿ ಹೊದ್ದು.
ಓಸ್ಲಾ ಬಾಗಿಲಲ್ಲೇ ನಿಂತಿದ್ದಳು, ಮೊಣಕೈವರೆಗೆ ಹಿಟ್ಟು.
"ಹೌದೇನೋ ಎರ್ಟಿ, ಆಂಟೆನಾ ಬೇಡವಂತೆ?
ಎಲ್ಲ ಗಾಳಿಯಲ್ಲೇ ಬರುತ್ತದಂತೆ?"

ಗಾಳಿಯ ಮಾತು ಶೆಟ್ಲಂಡಿನವರ ಹತ್ತಿರ ಹುಷಾರಾಗಿ ಆಡಬೇಕು.
ಚಿಮಣಿಗೆ ಬಿಗಿದಿದ್ದ ಅವಳ ಆಂಟೆನಾ
ಜನವರಿಗೆ ಒಂದಿಷ್ಟರಂತೆ ಬಾಗುತ್ತ ಬಾಗುತ್ತ
ಈ ಸಲ ಕುರಿದೊಡ್ಡಿಯಲ್ಲಿ ಸಿಕ್ಕಿತ್ತು,
ತಿಂದು ಬಿಸುಟ ಮೀನಿನ ಮುಳ್ಳಾಗಿ.
"ಇದು ಬೇರೆ ಗಾಳಿ," ಅಂದೆ. ನಂಬಲಿಲ್ಲ.

ಪ್ಲಗ್ ಚುಚ್ಚಿದೆ. ಭಾಷೆ ಕೇಳಿತು, ದೇಶ ಕೇಳಿತು,
ಊರು ಯಾವುದು, ಅಂಚೆ ಯಾವುದು,
ಸಂಬಂಧ ನೋಡಲು ಬಂದವರ ಹಾಗೆ.
ಆಮೇಲೆ ಉದ್ದನೆಯ ಕರಾರುಪತ್ರ: ಒಪ್ಪಿದ್ದೀರಾ?
ಯಾರೂ ಓದುವುದಿಲ್ಲ, ಒತ್ತಿಬಿಡಿ ಅಂದೆ.
"ಓದದೆ ಒಪ್ಪಿ ಒಮ್ಮೆ ಮದುವೆಯಾಗಿದ್ದೆ," ಅಂದಳು,
ಕನ್ನಡಕ ಏರಿಸಿ ಪೂರ್ತಿ ಓದಿದಳು.
ನನ್ನ ಚಹಾ ಆರಿತು. ಒಂದು ಫೆರ್ರಿ ತಪ್ಪಿತು.

ನೆಟ್‌ವರ್ಕ್ ಆರಿಸಿ.
ಅವಳದಕ್ಕೆ ಒಂದೇ ಗೆರೆ, ಅದೂ ಬಿಕ್ಕುತ್ತ;
ಅವಳಪ್ಪನ ಕಾಲದ ತಾಮ್ರದ ತಂತಿ.
ಚಾನೆಲ್ ಹುಡುಕಲು ಬಿಟ್ಟರೆ
ನೂರಕ್ಕೆ ನಾಲ್ಕರಲ್ಲಿ ಕಾಲು ಚಾಚಿ ಕೂತುಬಿಟ್ಟಿತು.
ಅದರ ಕೆಳಗೇ, ಎಲ್ಲ ಗೆರೆ ತುಂಬಿಕೊಂಡು,
ಕೂಗಳತೆಯ ಇನ್ನೊಂದು ಹೆಸರು: ಗಿಬ್ಬಿ.

"ಅದು ಬೇಡ."

ಹನ್ನೊಂದು ವರ್ಷ ಮಾತಿಲ್ಲ ಆ ಎರಡು ಮನೆಗೆ.
ಬೇಲಿಯೇನೂ ಎದ್ದು ಹೊಲ ಮೇಯ್ದಿರಲಿಲ್ಲ;
ಒಂದು ಟಗರು ಬೇಲಿ ಹಾರಿತ್ತು, ಅಷ್ಟೇ.
ಅಡ್ಮಿರಲ್. ಅವಳ ಕುರಿಗೆ ಹುಟ್ಟಿ
ಅವನ ಹುಲ್ಲು ತಿಂದು ಬೆಳೆದದ್ದು.
ಲರ್ವಿಕ್ಕಿನಲ್ಲಿ ಅದಕ್ಕೆ ಮೊದಲ ಬಹುಮಾನ ಬಂದ ದಿನ
ಇಬ್ಬರೂ ಒಂದೊಂದು ಕೊಂಬು ಹಿಡಿದು ನಿಂತಿದ್ದರು.
ಆ ಫೋಟೋ ಇನ್ನೂ ಗೋಡೆಯ ಮೇಲಿದೆ,
ಅರ್ಧ ಕತ್ತರಿಸಿ.

ಸುದ್ದಿಯ ಹೊತ್ತಿಗೆ ಅವಳೇ ಸೋತಳು.
"ಹೋಗು. ನಾನು ಕೇಳಿದೆ ಅಂತ ಮಾತ್ರ ಹೇಳಬೇಡ."
ಹೋದೆ. ಗಿಬ್ಬಿ ಕದವನ್ನು ಒಂದು ಗೇಣು ತೆರೆದ.
"ಅವಳು ಕೇಳಿದಳೇನು?"
"ಇಲ್ಲ."
"ಹಾಗಾದರೆ ಕೊಡಬಹುದು,"
ಎಂದು ಕುರಿ ಔಷಧದ ಡಬ್ಬಿಯ ಚೀಟಿ ಕಿತ್ತು
ಹಿಂಬದಿಗೆ ಪಾಸ್‌ವರ್ಡ್ ಬರೆದು, ಎರಡು ಮಡಿಕೆ ಮಡಿಸಿ ಕೊಟ್ಟ.

ಓಸ್ಲಾ ಬಿಡಿಸಿ ಓದಿದಳು.
ಒಲೆಯಲ್ಲಿ ಪೀಟಿನ ಹೆಂಟೆ ಕುಸಿದ ಸದ್ದು.
ರಿಮೋಟನ್ನು ನನ್ನ ಕೈಯಿಂದ ಕಸಿದುಕೊಂಡು
ಬಾಣದ ಗುಂಡಿ ಒತ್ತುತ್ತ ಒತ್ತುತ್ತ
ಒಂದೊಂದೇ ಅಕ್ಷರಕ್ಕೆ ನಡೆದಳು:
ದೊಡ್ಡ ಎಯಿಂದ ಹೊರಟು, ಡಿ, ಎಮ್ಮಿಗೆ ದೂರದ ಸುತ್ತು,
ಒಮ್ಮೆ ತಪ್ಪಿ, ಅಳಿಸಿ, ಯಾರನ್ನೋ ಬೈದು,
ಕೊನೆಗೆ ಅದು ಸತ್ತ ಇಸವಿಯ ನಾಲ್ಕು ಅಂಕಿ.
ಪರದೆಯಲ್ಲಿ ಬರೀ ಚುಕ್ಕಿ.
"ನನ್ನ ಟಗರು," ಅಂದಳು, ಟೀವಿಗೆ.

ಸಿಕ್ಕವು ತೊಂಬತ್ತೆರಡು ಚಾನೆಲ್. ಅವಳಿಗೆ ಬೇಕಾದ್ದು ಎರಡು,
ಸುದ್ದಿ ಮತ್ತು ಹವಾಮಾನ. ಉಳಿದದ್ದು ವಾಪಸು ಒಯ್ಯಿ ಅಂದಳು.
ಒಯ್ಯಲು ಬಾರದು ಅಂದೆ.
ಹಾಗಾದರೆ ಅಡುಗೆಯದೊಂದು ಇರಲಿ ಅಂದಳು.

ಒಂದು ತಿಂಗಳಿಗೆ ಫೋನು:
"ರಾತ್ರಿ ಹನ್ನೊಂದಕ್ಕೆ ಚಿತ್ರ ನಿಂತು ಬಿಳಿ ಚಕ್ರ ಸುತ್ತುತ್ತಿತ್ತು, ಎರ್ಟಿ."
ಆ ಹೊತ್ತಿಗೆ ಗಿಬ್ಬಿಯೂ ಏನೋ ನೋಡುತ್ತಿರಬೇಕು,
ಲೈನು ಇಬ್ಬರಿಗೂ ಹಂಚಿಹೋಗುತ್ತದೆ,
ಬಂದು ಸರಿಮಾಡುತ್ತೇನೆ ಅಂದೆ.
"ಅದಲ್ಲ. ಅದು ಗೊತ್ತು ನನಗೆ.
ಮೊನ್ನೆಯಿಂದ ಚಕ್ರ ಸುತ್ತಿಲ್ಲ.
ಮೂರು ರಾತ್ರಿ, ಚಿತ್ರ ಕನ್ನಡಿಯ ಹಾಗೆ.
ನೀನೊಮ್ಮೆ ಅವನಿಗೆ ಫೋನ್ ಮಾಡು."

ಮಾಡಿದೆ. ನೆಗಡಿಯಂತೆ, ಬೇಗ ಮಲಗುತ್ತಾನಂತೆ.
ಸ್ವಲ್ಪ ಹೊತ್ತು ಸುಮ್ಮನಿದ್ದು, ಮೂಗೊರೆಸಿಕೊಂಡು,
"ಅವಳು ಕೇಳಿದಳೇನು?" ಅಂದ.