ಗೆರೆಯ ಕೆಳಗೆ ಎರಡು ಬೆರಳು

ಬೋಟಿನ ಹೆಸರಿಗೊಂದು ಹಲಗೆ ತಂದಿಟ್ಟು ಕುಂಞಂಬು ಹೇಳಿದ:
ಟ್ರಿಯೆಸ್ತೆ ಅಂತ ಬರಿ, ಗಟ್ಟಿ.
ಕೋಟಿಕುಳದವನು, ಮೂವತ್ತೊಂದು ವರ್ಷ
ಹಡಗಿನ ಎಂಜಿನ್ ಕೋಣೆಯಲ್ಲಿ ಎಣ್ಣೆ ಒರೆಸಿದವನು,
ಕಿವಿ ಸ್ವಲ್ಪ ಮಂದ.
ಹೆಂಡತಿಯ ಹೆಸರಿಡುತ್ತಾರೆ, ದೇವರದ್ದಿಡುತ್ತಾರೆ,
ಇದೇನು ಔಷಧಿಯ ಹೆಸರಿನ ಹಾಗೆ, ಎಂದೆ.

ಊರು, ಎಂದ. ಇಟಲಿಯದ್ದು.
ಇಟಲಿಯದ್ದೇ ಅಂತ ಅಲ್ಲಿ ಜೋರಾಗಿ ಹೇಳಬಾರದು,
ಅಲ್ಲ ಅಂತಲೂ ಹೇಳಬಾರದು.

ನಾನು ಹಲಗೆ ಕೆರೆಯಲು ಕೂತೆ. ಯಾವುದೋ ಆಫೀಸಿನದ್ದು,
ಗುಜರಿಯಿಂದ ತಂದದ್ದು. ಮೇಲೆ ನೀಲಿ, ಮಲಯಾಳದ ಉರುಟು.

ಮೊದಲು ಅದೊಂದು ಸಂತೆಯಂತೆ. ಹೆಸರಿನ ಅರ್ಥವೇ ಸಂತೆ,
ಆ ಮಾತಾಡಿದವರು ಈಗ ಯಾರೂ ಇಲ್ಲ.
ರೋಮಿನವರು ಗುಡ್ಡದ ಬುಡದಲ್ಲಿ ಮೆಟ್ಟಿಲು ಮೆಟ್ಟಿಲಾಗಿ
ಆಟದ ಕಣ ಕಟ್ಟಿದರು. ಅದರ ಮೇಲೆ ಮನೆ, ಮನೆಯ ಮೇಲೆ ಮನೆ;
ರಾಜ ಸತ್ತು ಬಿದ್ದ ಜಾಗದಲ್ಲಿ
ಸಾವಿರ ಚಿಲ್ಲರೆ ವರ್ಷ ಯಾರೋ ಮೀನು ಹುರಿದರು.
ವೆನಿಸಿನ ಕಾಟ ತಡೆಯದೆ
ಊರಿಗೆ ಊರೇ ಆಸ್ಟ್ರಿಯದ ದೊರೆಯ ಕೊಡೆಯಡಿ ಹೋಗಿ ನಿಂತಿತು.
ನಿಂತದ್ದು ಐನೂರು ವರ್ಷ.
ನಡುವೆ ಒಬ್ಬ ದೊರೆ ಬಂದರದ ಸುಂಕ ತೆಗೆದ;
ಗ್ರೀಕರು ಬಂದರು, ಯೆಹೂದಿಗಳು, ಸರ್ಬಿಯದವರು,
ಕಾಫಿ ಮೂಟೆ ಬಂತು.
ಮಂಗಳೂರಿನ ಮೂಟೆ ನಾನೇ ನೋಡಿದ್ದೇನೆ ಅಲ್ಲಿ, ಎಂದ,
ಗೋಣಿಯ ವಾಸನೆಯಲ್ಲೇ ಗೊತ್ತಾಗುತ್ತದೆ.

ನೀಲಿಯ ಕೆಳಗೆ ಹಸಿರು ಸಿಕ್ಕಿತು, ಅರ್ಧ ಇಂಗ್ಲಿಷು.

ಒಂದು ಯುದ್ಧ ಮುಗಿದು ಇಟಲಿಯ ಹಡಗು ಕಟ್ಟೆಗೆ ತಾಗಿತು.
ಗುಡ್ಡದ ಸ್ಲೊವೇನಿಯರಿಗೆ ಹೆಸರು ಬದಲಿಸಿ ಎಂದರು.
ನೀರು ಕುಡಿಯುವವ ಎಂಬ ಅರ್ಥದ ಮನೆತನವೊಂದು
ಆಫೀಸಿನ ಒಂದು ಮಧ್ಯಾಹ್ನ
ಇಟಲಿ ಭಾಷೆಯಲ್ಲಿ ನೀರು ಕುಡಿಯಿತು.

(ಓಟಿನ ಪಟ್ಟಿಯಲ್ಲಿ ಮೋಣಪ್ಪ ಗಟ್ಟಿ ಎಂಬ ನಾನು
ಮೋಹನಪ್ಪ ಕಟ್ಟಿ. ತಿದ್ದಿಸಲು ಮೂರು ಸಲ ಹೋದೆ.
ನಾಲ್ಕನೆಯ ಸಲ ಕಟ್ಟಿ ಎಂದು ಕೂಗಿದಾಗ ಎದ್ದು ನಿಂತೆ.)

ಒಂದು ಅಕ್ಕಿ ಗಿರಣಿ ಇದೆ ಅಂತ ಕೇಳಿ ಹೋದೆ, ಎಂದ ಕುಂಞಂಬು.
ಎಷ್ಟು ತಿಂಗಳಾಗಿತ್ತು ತೌಡಿನ ವಾಸನೆ ಸಿಗದೆ.
ಒಳಗೆ ಭತ್ತ ಇರಲಿಲ್ಲ. ಗೋಡೆ ಇತ್ತು.
ಜರ್ಮನಿಯವರು ಇದ್ದಾಗ ಅಲ್ಲಿ ಒಲೆ ಉರಿಸಿದ್ದರು,
ಮನುಷ್ಯರನ್ನು ಹಾಕಿ.
ಆ ರಾತ್ರಿ ಅನ್ನಕ್ಕೆ ಕೈ ಹಾಕಲಿಲ್ಲ.
ಇಷ್ಟು ಹೇಳಿ ಬೀಡಿಗಾಗಿ ಜೇಬು ತಡವಿದ.
ನನ್ನ ತಗಡು ನಿಂತಿತ್ತು.
ರಸ್ತೆಯಲ್ಲಿ ತಲಪಾಡಿಯ ಬಸ್ಸು ಹೋಯಿತು.

ಮತ್ತೆ ನಲವತ್ತು ದಿನ ಯುಗೋಸ್ಲಾವಿಯದ ಸೈನ್ಯ,
ಮತ್ತೆ ಒಂಬತ್ತು ವರ್ಷ ಯಾರದ್ದೂ ಅಲ್ಲದ ಊರು:
ಇಟಲಿಯ ಸ್ಟಾಂಪಿನ ಮೇಲೆ ಆರಕ್ಷರ ಒತ್ತಿ, ಅದೇ ಅಂಚೆ.
ಐವತ್ತನಾಲ್ಕರ ಅಕ್ಟೋಬರ್ ಇಪ್ಪತ್ತಾರು, ಮಳೆಯಲ್ಲಿ,
ಊರು ಇಟಲಿಗೆ, ಹಿಂದಿನ ಗುಡ್ಡ ಆಚೆಯವರಿಗೆ.

ಬೆರಳು ಮಡಿಸಿದೆ. ಐವತ್ತಾರರ ನವೆಂಬರ್ ಒಂದಕ್ಕೆ
ಎರಡು ವರ್ಷ, ಆರು ದಿನ.
ಆಗ ನಮ್ಮಪ್ಪ ಇದೇ ಬ್ಯಾಂಕ್ ರೋಡಿನಲ್ಲಿ ಏಣಿ ಹತ್ತಿ
ಬೋರ್ಡುಗಳಿಂದ ಮದರಾಸು ಒರೆಸುತ್ತಿದ್ದರು.
ಅತ್ತಿರಾ ಎಂದು ಒಮ್ಮೆ ಕೇಳಿದ್ದೆ.
ಬೋರ್ಡಿಗೆ ಎರಡು ರೂಪಾಯಿ ಕೊಟ್ಟರು, ಎಂದಿದ್ದರು.

ಹಸಿರಿನ ಅಡಿಯಲ್ಲಿ ಕಾವಿ. ಕಾವಿಯಲ್ಲಿ ಕನ್ನಡದ ಒಂದು ಳ.
ಕೊಂಡಿ ಎಳೆದ ರೀತಿ ಅಪ್ಪನದ್ದೇ,
ಅಥವಾ ಆಗ ಎಲ್ಲರೂ ಹಾಗೇ ಎಳೆಯುತ್ತಿದ್ದರೋ.
ಅದನ್ನೂ ಕೆರೆದೆ. ಮರ ಕಾಣಬೇಕಿತ್ತು.

ಸರಿ, ಈ ಹೆಸರು ಯಾಕೆ?
ಅಲ್ಲೊಂದು ಗಾಳಿ, ಬೋರಾ ಅಂತ. ಬಂದರೆ ಬೀದಿಯುದ್ದ
ಹಗ್ಗ ಕಟ್ಟುತ್ತಾರೆ, ಹಿಡಿದು ನಡೆಯಬೇಕು. ನಾನೂ ಹಿಡಿದೆ.
ಮುಂದೆ ಒಬ್ಬಳು ಮುದುಕಿ ಗಾಳಿಗೆ ಬೈಯುತ್ತಿದ್ದಳು,
ಒಂದಕ್ಷರ ಬಿಡದೆ ಅರ್ಥವಾಯಿತು ನನಗೆ.

ಯಾವ ಲಿಪಿ, ಎಂದೆ. ಮೂರರಲ್ಲೂ, ಎಂದ.
ಮೂರಕ್ಕೆ ಮೂರು ರೇಟು.
ಸೀಮೆಸುಣ್ಣದಲ್ಲಿ ಗೆರೆ ಹಾಕಿದೆ. ಕನ್ನಡ ಕೊನೆಗಿರಲಿ, ಎಂದ.
ಅಂಚಿಗೆ ಒತ್ತಿದರೆ ಆಗದು ಮಾರಾಯ,
ಟ್ರಿಗೆ ಒಂದು ಒತ್ತು, ಸ್ತೆಗೆ ಒಂದು,
ಗೆರೆಯ ಕೆಳಗೂ ಎರಡು ಬೆರಳು ಬೇಕು ನಮಗೆ, ಎಂದೆ.
ಆ ಕಿವಿಗೆ ಕೇಳಿಸಲಿಲ್ಲವೋ ಏನೋ.
ಅಡ್ವಾನ್ಸ್ ಕೊಡದೆ ಕೊಡೆ ಬಿಡಿಸಿ ಹೋದ.