ಡಬ್ಬಿಯ ತೂಕ ಕಳೆದು

ಮುಯ್ನಾಕಿನಾಚೆ, ಕಡಲು ಎದ್ದುಹೋದ ಜಾಗದಲ್ಲಿ
ಸಕ್ಸಾವುಲ್ ಗಿಡವೊಂದರ ಬೇರು ಕಿತ್ತು
ಅಂಟಿದ ಮಣ್ಣು ಕೊಡವದೆ ಚೀಲಕ್ಕಿಳಿಸಿದೆ.
ನಾಲಗೆಗೆ ಬರೀ ಉಪ್ಪು.
ಇದರಲ್ಲೂ ಯಾರೋ ಒಕ್ಕಲಿದ್ದಾರೆ ಎಂಬುದಷ್ಟೇ ನನ್ನ ಗುಮಾನಿ.

ನುಕುಸಿನ ಪ್ರಯೋಗಶಾಲೆ, ಎರಡನೇ ಮಹಡಿ.
ಹನ್ನೊಂದನೇ ತಳಿಗೆ ಇನ್ನೂ ಹೆಸರಿಟ್ಟಿಲ್ಲ.
ಮೂರು ದಿನ ಗಂಜಿ ಕುಡಿಸಿದ್ದೇನೆ,
ಗಂಜಿಯಲ್ಲಿ ಚಿಟಿಕೆ ಟ್ರಿಪ್ಟೊಫ್ಯಾನ್:
ಬಾಯಿ ಬಿಡಿಸಲು ಕೊಟ್ಟ ಲಂಚ.
ಕದಡಿದ್ದನ್ನು ಗಿರಗಿರ ತಿರುಗಿಸಿದರೆ
ಜೀವಗಳು ತಳಕ್ಕೆ, ಅವು ಆಡಿದ ಮಾತು ಮೇಲಕ್ಕೆ.

ಬೇರಿಗೆ ಕವಲೊಡೆ ಎನ್ನುವ ಆ ಮಾತಿಗೆ
ಬಣ್ಣವಿಲ್ಲ.
ಒಂದು ಪಾಲು ಅದು, ಎರಡು ಪಾಲು
ಆಮ್ಲದಲ್ಲಿ ಕರಗಿದ ಕಬ್ಬಿಣ;
ಬೀರುವಿನೊಳಗಿಟ್ಟು ಬಾಗಿಲು ಮುಚ್ಚಿದೆ.
ಅರ್ಧ ಗಂಟೆ ಕತ್ತಲು ಬೇಕು ಅದಕ್ಕೆ.
ಅಷ್ಟರಲ್ಲಿ ಕರೆಂಟು ಹೋಗಿ
ನನಗೂ ಒಂದಿಷ್ಟು ಸಿಕ್ಕಿತು.

ಬಾಗಿಲು ತೆಗೆದರೆ, ಫೋನಿನ ಬೆಳಕಿಗೆ,
ಹಸುಗೂಸಿನ ಉಗುರಡಿಯ ಬಣ್ಣ!
ಅದೇ ಫೋನಲ್ಲಿ ಅಮ್ಮನಿಗೆ ಹಚ್ಚಿದೆ.

ಅಮ್ಮ ಬೀಬಾಯ್ಶಾ
ಮೀನಿನ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ
ತಕ್ಕಡಿಯ ಮುಂದೆ ನಿಂತವಳು.
ಕಡಲು ಹೋದ ಮೇಲೂ
ಎಲ್ಲಿಂದಲೋ ರೈಲು ಹತ್ತಿ ಬಂದ ಮೀನು ತೂಗಿದವಳು.
ಹಾರ್ಮೋನು ಅಂದರೆ "ಆಗಲಿ" ಅಂದಳು,
ಬ್ಯಾಕ್ಟೀರಿಯಾ ಅಂದರೆ "ಕೈ ತೊಳಕೋ" ಅಂದಳು.
"ಎಷ್ಟಿದೆ?"
ಕರೆಂಟು ಬರಲಿ, ಹೇಳುತ್ತೇನೆ.
"ಡಬ್ಬಿಯ ತೂಕ ಕಳೆದು ಹೇಳು."

ಬೀರುವಿನತ್ತ ತಿರುಗಿದೆ.
ಮೂಲೆಯಲ್ಲಿತ್ತು ಯಾರನ್ನೂ ಸಾಕದ ನಳಿಕೆ,
ಬರೀ ಗಂಜಿ, ಬರೀ ಕಬ್ಬಿಣ.
ಅದೂ ನಸುಗೆಂಪಗೆ ನನ್ನನ್ನೇ ನೋಡುತ್ತಿತ್ತು.

ರಾತ್ರಿ ಒಂಬತ್ತೂಕಾಲಿಗೆ ಯಂತ್ರ ಕಣ್ಣು ಬಿಟ್ಟಿತು.
ಗೊತ್ತಿದ್ದ ಐದು ತೂಕಗಳ ಮೇಲೆ ಗೆರೆಯೆಳೆದು
ಗೊತ್ತಿಲ್ಲದ್ದನ್ನು ಅದಕ್ಕೆ ಒರಗಿಸಿದೆ.
ಇಪ್ಪತ್ತೊಂದು.
ಖಾಲಿಯದು ನಾಲ್ಕು.
ಉಳಿದದ್ದು, ಮಿಲಿಲೀಟರಿಗೆ ಹದಿನೇಳು ಮೈಕ್ರೋಗ್ರಾಂ;
ಗುಲಗಂಜಿಯನ್ನು ಏಳು ಸಾವಿರ ಚೂರು ಮಾಡಿದರೆ
ಅದರಲ್ಲೊಂದು ಚೂರು.
ಇಷ್ಟಕ್ಕೇ ಬೇರು ಕಿವಿಗೊಡುತ್ತದೆ.

ಆದರೆ ಆಕ್ಸಿನ್ನಿನ ದಾಯಾದಿಗಳೂ ನುಸುಳಿರಬಹುದು.
ಕಬ್ಬಿಣಕ್ಕೆ ಒಂದೇ ಮನೆಯವರ ಮುಖ ಬೇರೆಬೇರೆ ತಿಳಿಯದು,
ಎಲ್ಲರಿಗೂ ಅದೇ ಗುಲಾಬಿ.
ತಾಷ್ಕೆಂಟಿನ ದೊಡ್ಡ ಯಂತ್ರ ಬಿಡಿಸಿ ಹೇಳೀತು;
ನಮ್ಮ ಸರದಿ ಮಾರ್ಚಿಗೆ.

ಮಲಗಿದ್ದವಳನ್ನು ಎಬ್ಬಿಸಿ ಹದಿನೇಳು ಎಂದೆ.
"ಬರೀ ಮೀನೇನಾ?" ಅಂದಳು.
"ಎಣ್ಣೆಯೂ ಇದ್ದೀತು."
"ಹಾಗಂತ ಬರಿ."
ಫೋನಿಟ್ಟಳು.

ವಹಿಯಲ್ಲಿ ಹದಿನೇಳರ ಪಕ್ಕ
ಜಾಗ ಸಾಲದೆ, ಓರೆಯಾಗಿ ಬರೆದೆ:
ಹೆಚ್ಚೆಂದರೆ.