ಬಳಕೆ ಪ್ರಮಾಣಪತ್ರ

ರಾತ್ರಿ ಹನ್ನೊಂದರ ಮೇಲೆ ಸರ್ವರ್ ಹಗುರಾಗುತ್ತದೆ
ಎಂದಿದ್ದರು ಹಾಲೇಶಪ್ಪ ಮೇಷ್ಟ್ರು.
ಅಡುಗೆಕಟ್ಟೆ ಒರೆಸಿ, ಅಲ್ಲೇ ಲ್ಯಾಪ್‌ಟಾಪ್ ಇಟ್ಟು ಕೂತೆ.
ಕಿಟಕಿಯಾಚೆ ಭಟ್ಟಿಗಳು ಇನ್ನೂ ಹೊತ್ತಿರಲಿಲ್ಲ.
ನಿನ್ನೆಯ ಹೊಟ್ಟಿನ ಹೊಗೆ ಮಾತ್ರ
ಎದ್ದುಹೋಗಲು ಮನಸ್ಸಿಲ್ಲದ ನೆಂಟನಂತೆ ಓಣಿಯಲ್ಲೇ ಇತ್ತು.

ಹೆಸರು: ಕೊಟ್ರಮ್ಮ.
ಆಧಾರಿನಲ್ಲಿ ಒಂದು ಟಿ, ಸೇವಾಪುಸ್ತಕದಲ್ಲಿ ಎರಡು.
ನೀನು ನೀನಲ್ಲ ಅಂದಿತು ಅರ್ಜಿ.
ಮೂರು ಸಲ ಅಂದಿತು.
ನಾಲ್ಕನೇ ಸಲ ಯಾಕೋ ಒಪ್ಪಿಕೊಂಡಿತು.

ಶಾಲೆ? ಸರ್ಕಾರಿ, ಮಂಡಕ್ಕಿ ಭಟ್ಟಿ ಬಡಾವಣೆ, ದಾವಣಗೆರೆ.
ಕೊಠಡಿ? ಎರಡು. ಸೋರುತ್ತದೆಯೇ ಎಂಬ ಕಾಲಂ ಇಲ್ಲ.
ಮಕ್ಕಳು? ನಲವತ್ತೊಂದು.
ಅವರಲ್ಲಿ ನಸುಕಿನ ಮೂರಕ್ಕೆದ್ದು
ಅವ್ವನ ಜತೆ ಅಕ್ಕಿಗೆ ಉಪ್ಪುನೀರು ಹಾಕಿ,
ಕಾದ ಉಸುಕು ಜರಡಿ ಹಿಡಿದು ಬರುವವರೆಷ್ಟು?
ಅದಕ್ಕೂ ಕಾಲಂ ಇಲ್ಲ.

ನಿಮ್ಮ ತರಗತಿಯ ಕನಸನ್ನು ಮುನ್ನೂರು ಪದಗಳಲ್ಲಿ ಬರೆಯಿರಿ.
ನನಗೆ ಹೊಳೆದದ್ದು ಹನ್ನೊಂದು:
ನಮ್ಮ ದಾದಾಪೀರ್ ಮೊದಲ ಪೀರಿಯಡ್ಡಿನಲ್ಲಿ ನಿದ್ದೆಹೋದರೆ
ಅವನು ಏಳುವ ತನಕ ಪಾಠ ಅಲ್ಲೇ ಕಾದಿರಬೇಕು.

ಉಳಿದದ್ದನ್ನು ಬೆಳಿಗ್ಗೆ ಮೇಷ್ಟ್ರು ತುಂಬಿಸಿದರು.
ಸಬಲೀಕರಣ ಅವರಿಗೆ ಸಲೀಸು, ಸಮಗ್ರವೂ.
ಮಂಡಕ್ಕಿಯ ಲೆಕ್ಕವೇ ಹಾಗೆ, ಅಂದರು,
ಹಿಡಿ ಅಕ್ಕಿ ಹಾಕು, ಚೀಲ ಕಟ್ಟು.
ಹನ್ನೊಂದನ್ನು ಮಾತ್ರ ಮುಟ್ಟಲಿಲ್ಲ. ಓದಿ, ಕನ್ನಡಕ ತೆಗೆದು,
ಸುಮ್ಮನೆ ಸೀಮೆಸುಣ್ಣದ ಡಬ್ಬಿಯನ್ನು ಆಕಡೆ ಈಕಡೆ ಸರಿಸಿದರು.

ಏಳು ತಿಂಗಳಾದ ಮೇಲೆ ಬಂತು.
ಹೊಂಡದ ಸರ್ಕಲ್ಲಿನ ಕೊರಿಯರ್ ಆಫೀಸಿನಿಂದ
ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆ,
ಹತ್ತು ಟ್ಯಾಬು, ಒಂದು ಚಾರ್ಜರ್ ಪೆಟ್ಟಿಗೆ.
ಬಾಣಂತಿ ಮಗು ತಂದಂಗೆ ತರ್ತೀರಲ್ರೀ, ಅಂದ ಆಟೋದವನು.

ಹಸೀನಾ ಮುಟ್ಟಿದಳು.
ಮುಟ್ಟಿದ್ದು ಅದಕ್ಕೆ ಗೊತ್ತಾಗಲಿಲ್ಲ.
ಒತ್ತಿದಳು. ಉಜ್ಜಿದಳು. ಲಂಗಕ್ಕೆ ಬೆರಳೊರೆಸಿ ಮತ್ತೆ ಒತ್ತಿದಳು.
ಉಪ್ಪು ತಿಂದ, ಉಸುಕು ಸುಟ್ಟ ತುದಿಗಳು
ಒಣಗಿ ಹುಣಸೆಬೀಜದಂತಾಗಿದ್ದವು.
"ರೇಷನ್ ಅಂಗ್ಡ್ಯಾಗೂ ಹಿಂಗ ಟೀಚರ್,
ಅಮ್ಮೀದು ಹೆಬ್ಬೆಟ್ಟು ಅದಕ್ಕ ಹತ್ತಂಗಿಲ್ಲ."
ಅಳಲಿಲ್ಲ. ಸುದ್ದಿ ಹೇಳಿದ ಹಾಗೆ ಹೇಳಿದಳು.

ತರಬೇತಿಯ ನಾಲ್ಕು ವಿಡಿಯೋ ನೋಡಿದ್ದೆ ನಾನು,
ಕೊನೆಗೆ ಸರ್ಟಿಫಿಕೇಟೂ ಬಂದಿತ್ತು, ಹೂವಿನ ಅಂಚಿನದು.
ಇದಕ್ಕೇನು ಮಾಡಬೇಕೆಂದು ಒಂದರಲ್ಲೂ ಇರಲಿಲ್ಲ.

ಆಗ ಒಂದನೇ ಕ್ಲಾಸಿನ ಮುನೀರಾ,
ಯಾರೂ ಕಲಿಸದೆ, ಬಗ್ಗಿ,
ಮೂಗಿನ ತುದಿಯಿಂದ ಮುಟ್ಟಿದಳು.
ಆನೆ ಘೀಳಿಟ್ಟಿತು.
ಆಮೇಲೆ ಕೇಳಬೇಡಿ. ನಲವತ್ತೊಂದು ಮೂಗು,
ಹತ್ತು ಗಾಜು, ಕೂಡಿಸುವ ಲೆಕ್ಕವೆಲ್ಲ ಸುಂಬಳ.
ಹಾಲೇಶಪ್ಪ ಮೇಷ್ಟ್ರು ಬಾಗಿಲಲ್ಲಿ ನಿಂತು ನಕ್ಕದ್ದು
ಅವರ ಮಗಳ ಮದುವೆಯ ಮೇಲೆ ಅದೇ ಮೊದಲು.

ಮಾರ್ಚಿಯಲ್ಲಿ ಮೆಸೇಜು:
ಬಳಕೆ ಪ್ರಮಾಣಪತ್ರ ಬಾಕಿ ಇದೆ.
ಮಕ್ಕಳು ಸಾಧನ ಬಳಸುತ್ತಿರುವ ಒಂದು ಫೋಟೋ,
ಸ್ಥಳ, ದಿನಾಂಕ ಮೂಡಿರಬೇಕು, ಮುಖ ಸ್ಪಷ್ಟವಿರಬೇಕು.
ಎಲ್ಲರ ಮುಖವೂ ಗಾಜಿನಲ್ಲಿ ಹುದುಗಿದೆ.
ಅದನ್ನೇ ಕಳಿಸಿದೆ.
ತಿರಸ್ಕೃತ. ಕಾರಣ: ಫಲಾನುಭವಿಗಳು ನೆಕ್ಕುತ್ತಿರುವಂತಿದೆ.
ಇನ್ನೊಂದು ತೆಗೆಯಬೇಕು, ನಾಳೆಯೊಳಗೆ.

ಈಗ ಬೆಳಿಗ್ಗೆ ಹತ್ತೂಕಾಲು.
ದಾದಾಪೀರ್ ಟ್ಯಾಬಿನ ಪಕ್ಕ ಕೆನ್ನೆಯಿಟ್ಟು ಮಲಗಿದ್ದಾನೆ,
ರೆಪ್ಪೆಯ ಮೇಲೆ ಬೂದಿ.
ಪಾಠ ನಿಂತಿದೆ, ಬೀಜ ಮೊಳೆಯುವಲ್ಲಿಗೆ,
ಬಾಯಿ ತೆರೆದ ಅವರೆಕಾಳು.
ಎರಡು ನಿಮಿಷಕ್ಕೊಮ್ಮೆ ಪರದೆ ತಾನಾಗಿ ಕಪ್ಪಾಗುತ್ತದೆ.
ನಾನು ಬೇರೆ ಮಕ್ಕಳಿಗೆ ಮಗ್ಗಿ ಹೇಳಿಸುತ್ತ
ಎರಡು ನಿಮಿಷಕ್ಕೊಮ್ಮೆ ಹೋಗಿ ಮುಟ್ಟಿ ಬರುತ್ತೇನೆ.

ಸೆಟ್ಟಿಂಗಿನಲ್ಲಿ ಬದಲಿಸಬಹುದಂತೆ ಅದನ್ನು.
ಕಲೀಬೇಕು.